ಯಾರೂ ಹೇಳದ ಅವ್ವನ ಹೆಸರು

ನನಗೆ ಆಗ ಹನ್ನೊಂದು ವರ್ಷ. ಈಗ ಲೆಕ್ಕ ಹಾಕಿದರೆ ಐವತ್ತೆಂಟು ವರ್ಷದ ಹಿಂದಿನ ಮಾತು. ಆ ಸಲ ಪಿಕ್ಕಿಂಗ್ ನಡೆಯುತ್ತಿದ್ದಾಗ, ಅಂದರೆ ಕಾಫಿ ಹಣ್ಣು ಬಿಡಿಸುವ ಹೊತ್ತಿನಲ್ಲಿ, ನಮ್ಮ ಸಾಲಿನ ಮೂರು ಮನೆಯವರು ದೇವರ ವಿಷಯಕ್ಕೆ ಜಗಳ ಆಡಿದರು. ಅದರಲ್ಲಿ ಯಾರು ಸರಿ, ಯಾರು ತಪ್ಪು ಎಂದು ನನ್ನನ್ನು ಕೇಳಬೇಡಿ. ನನಗೆ ಬೇಕಾಗಿದ್ದದ್ದು ಬೇರೆಯೇ ಇತ್ತು, ಅದನ್ನು ಯಾರೂ ಕೊಡಲಿಲ್ಲ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬರೆಯುವುದು ನಿಧಾನ. ಆದ್ದರಿಂದ ಸುತ್ತಿ ಬಳಸಿ ಹೇಳುವ ಶಕ್ತಿ ನನಗಿಲ್ಲ, ಮನಸ್ಸೂ ಇಲ್ಲ.

ನಮ್ಮ ಮನೆ ಹುದಿಕೇರಿಯಿಂದ ಆಚೆ ಒಂದು ಎಸ್ಟೇಟಿನ ಲೈನಿನಲ್ಲಿತ್ತು. ಕೆಲಸದವರಿಗೆಂದು ಕಟ್ಟಿಸಿದ ಉದ್ದನೆಯ ಸಾಲುಮನೆಗೆ ಲೈನು ಎನ್ನುತ್ತಿದ್ದರು. ಒಬ್ಬೊಬ್ಬರಿಗೆ ಒಂದು ಕೋಣೆ, ಅದರ ಮೂಲೆಯಲ್ಲಿ ಒಲೆ, ಮುಂದೆ ಒಂದು ತುಂಡು ಜಗಲಿ. ಕೋಣೆಗಳ ನಡುವೆ ಗೋಡೆ ಇತ್ತು, ಆದರೆ ಅದು ಮಾಡಿನವರೆಗೆ ಹೋಗುತ್ತಿರಲಿಲ್ಲ. ಆಳೆತ್ತರಕ್ಕಿಂತ ಒಂದು ಗೇಣು ಮೇಲೆ ಹೋಗಿ ನಿಂತುಬಿಡುತ್ತಿತ್ತು. ಅದರ ಮೇಲೆ ಎಲ್ಲರಿಗೂ ಒಂದೇ ಹಂಚಿನ ಮಾಡು. ಇಟ್ಟಿಗೆ ಉಳಿಸಲು ಹಾಗೆ ಕಟ್ಟಿಸಿದ್ದಿರಬೇಕು. ಅಪ್ಪ ಭಾಗಮಂಡಲದ ಕಡೆಯವನು. ಅಣ್ಣಂದಿರ ಜೊತೆ ಹೊಡೆದಾಡಿಕೊಂಡು, ಅಜ್ಜಿಯನ್ನೂ ಅವ್ವನನ್ನೂ ಕಟ್ಟಿಕೊಂಡು ಬಂದು ಇಲ್ಲಿ ಆಳುಗಳ ಮೇಸ್ತ್ರಿಯಾಗಿದ್ದ. ನಮ್ಮ ಎಡಗಡೆ ಕೋಣೆಯಲ್ಲಿ ತಮಿಳಿನ ಆರೋಗ್ಯಮ್ಮ, ಅವಳ ಮೂರು ಮಕ್ಕಳು. ಅವರು ಚರ್ಚಿನವರು. ಬಲಗಡೆ ಮಲಯಾಳದ ಬೀಪಾತುಮ್ಮ. ಅವಳ ಗಂಡ ಸೈಕಲ್ಲಿನಲ್ಲಿ ಮೀನು ಮಾರುತ್ತಿದ್ದ, ಮನೆಯಲ್ಲಿ ಇದ್ದದ್ದಕ್ಕಿಂತ ರಸ್ತೆಯಲ್ಲಿ ಇದ್ದದ್ದೇ ಹೆಚ್ಚು.

ಗೋಡೆಯ ಮೇಲಿನ ಆ ಸಂದಿನಲ್ಲಿ ಎಲ್ಲವೂ ದಾಟುತ್ತಿತ್ತು. ಹೊಗೆ, ಕೆಮ್ಮು, ಗಂಡ ಹೆಂಡಿರ ಬೈಗುಳ, ಅಳುವ ಮಗು. ಒಣಮೀನಿನ ಸಾರು ಬೀಪಾತುಮ್ಮನ ಕಡೆಯಿಂದ ಬರುತ್ತಿತ್ತು, ನಮ್ಮಿಂದ ಕಡುಬು ಹೋಗುತ್ತಿತ್ತು. ಪಾತ್ರೆಯನ್ನು ಗೋಡೆಯ ತಲೆಯ ಮೇಲಿಟ್ಟು ಒಂದು ತಟ್ಟು ತಟ್ಟಿದರೆ ಆಚೆಯವರು ತೆಗೆದುಕೊಳ್ಳಬೇಕು. ಅಜ್ಜಿ ಮಾತ್ರ ಅವರ ಪಾತ್ರೆಯಿಂದ ನಮ್ಮ ಪಾತ್ರೆಗೆ ಸುರಿದು, ಅದರ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಆಮೇಲೆ ಎರಡು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದಳು. ಹಂದಿಮಾಂಸ ಬೇಯಿಸುವ ದಿನ ಅವ್ವ ಬಲಗಡೆ ಗೋಡೆಗೆ ಮುಖ ಮಾಡಿ, "ಬೀಪಾತುಮ್ಮಾ, ಇವತ್ತ್ ನಮ್ಮಲ್ಲಿ ಅದ್" ಎಂದು ಕೂಗುತ್ತಿದ್ದಳು. ಅವಳು ತನ್ನ ಅಡಿಗೆ ಮುಚ್ಚಿಟ್ಟು ಸಾಂಬ್ರಾಣಿ ಹಾಕುತ್ತಿದ್ದಳು. ಒಂದು ಸಲವೂ ಅವ್ವ ಹೇಳಲು ಮರೆಯಲಿಲ್ಲ, ಒಂದು ಸಲವೂ ಬೀಪಾತುಮ್ಮ ಮುಖ ಸಿಂಡರಿಸಲಿಲ್ಲ. ಇಷ್ಟೆಲ್ಲ ಚೆನ್ನಾಗಿತ್ತು. ಊಟದ ವಿಷಯದಲ್ಲಿ ನಮ್ಮವರಿಗೆ ಇದ್ದ ಬುದ್ಧಿ ದೇವರ ವಿಷಯದಲ್ಲಿ ಇರಲಿಲ್ಲ.

ನಮ್ಮ ದೇವರು ಲೈನಿನ ಹಿಂದೆ ಹಲಸಿನ ಮರದ ಬುಡದಲ್ಲಿ ಇದ್ದ. ಗುಳಿಗನ ಕಲ್ಲು. ಅಪ್ಪನೇ ತಂದು ನಿಲ್ಲಿಸಿದ್ದು. ಸಂಕ್ರಮಣಕ್ಕೊಮ್ಮೆ ಅಪ್ಪ ಮಿಂದು, ಒದ್ದೆ ಬಟ್ಟೆಯಲ್ಲೇ ಹೋಗಿ ಕಳ್ಳು ಇಡುತ್ತಿದ್ದ, ಕಷ್ಟ ಬಂದರೆ ಕೋಳಿ ಕೊಡುತ್ತಿದ್ದ. ಹೆಂಗಸರು ಆ ಕಡೆ ಕಾಲಿಡುವ ಹಾಗಿರಲಿಲ್ಲ. ಮಸಾಲೆ ಅರೆಯುವುದು ನಮ್ಮ ಕೆಲಸ. ಅಪ್ಪ ಅಲ್ಲಿ ಏನೋ ಗೊಣಗುವುದು ಮನೆ ಹಿಂಬಾಗಿಲಿಗೆ ಕಾಣಿಸುತ್ತಿತ್ತು, ಕೇಳಿಸುತ್ತಿರಲಿಲ್ಲ. ಏನು ಹೇಳುತ್ತೀ ಎಂದು ಕೇಳಿದರೆ, "ಅದ್ ಗಂಡಸ್ರದ್ದ್" ಎನ್ನುತ್ತಿದ್ದ. ಅಜ್ಜಿಯನ್ನು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಅಜ್ಜ ಅವಳಿಗೆ ಹೇಳದೆ ಸತ್ತಿದ್ದ. ಹಾಗಾದರೆ ನೀನು ದೇವರ ಹತ್ತಿರ ಏನು ಹೇಳುತ್ತೀ ಅಜ್ಜಿ ಎಂದರೆ, "ಕೈ ಮುಗ್ದರೆ ಸಾಕ್, ಅವಂಗೆ ಎಲ್ಲ ಗೊತ್ತುಟ್ಟು" ಎಂದಳು, ಗೊತ್ತುಂಟು ಎಂದು. ಎಲ್ಲ ಗೊತ್ತಿದ್ದರೆ ಅಪ್ಪ ಗೊಣಗುವುದು ಯಾಕೆ? ಅದಕ್ಕೆ ತಲೆಗೆ ಒಂದು ಮೊಟಕು ಸಿಕ್ಕಿತು.

ಪಕ್ಕದ ಮನೆಯಲ್ಲಿ ಮಾತಿಗೆ ಬರ ಇರಲಿಲ್ಲ. ದಿನಾ ಮುಸ್ಸಂಜೆ ಆರೋಗ್ಯಮ್ಮ ಮಕ್ಕಳನ್ನು ಮೊಣಕಾಲ ಮೇಲೆ ನಿಲ್ಲಿಸಿ ಜಪಮಾಲೆ ಹಿಡಿಯುತ್ತಿದ್ದಳು. ಅವಳು ಅರ್ಧ ಹೇಳಬೇಕು, ಮಿಕ್ಕ ಅರ್ಧವನ್ನು ಮಕ್ಕಳು ಹೇಳಬೇಕು, ಮತ್ತೆ ಅವಳು, ಮತ್ತೆ ಮಕ್ಕಳು. ಅವಳ ಮುಖ ಆಚೆ ಗೋಡೆಯಲ್ಲಿ ಅವಳು ಮಾದಾ ಎನ್ನುತ್ತಿದ್ದ ಮಾತೆಯ ಪಟದ ಕಡೆ ಇರುತ್ತಿದ್ದದ್ದರಿಂದ ಅವಳ ಅರ್ಧ ನಮಗೆ ಬರೀ ಗುಂಯ್ ಎಂದು ಕೇಳುತ್ತಿತ್ತು. ಮಕ್ಕಳ ಅರ್ಧ ಮಾತ್ರ ಗಂಟೆ ಹೊಡೆದ ಹಾಗೆ ಕೇಳುತ್ತಿತ್ತು. ಅಕ್ಕಿ ಆರಿಸುತ್ತ ಕೂತು ಕೂತು ಆ ಅರ್ಧ ನನಗೆ ಬಾಯಿಪಾಠವಾಯಿತು. ತಮಿಳು, ಅರ್ಥ ಒಂದು ಚೂರೂ ಗೊತ್ತಿಲ್ಲ. ಬೀಪಾತುಮ್ಮನ ಕಡೆಯಿಂದ ಮಾತೇ ಬರುತ್ತಿರಲಿಲ್ಲ. ಕಿಂಡಿ ಎನ್ನುವ ಮೂತಿಯ ಚೊಂಬಿನಿಂದ ಕೈಕಾಲಿಗೆ ನೀರು ಹೊಯ್ದುಕೊಳ್ಳುವ ಸದ್ದು, ಆಮೇಲೆ ಚಾಪೆಯ ಸದ್ದು, ಅಷ್ಟೇ. ಒಟ್ಟಿನಲ್ಲಿ ನನ್ನ ಹತ್ತಿರ ದೇವರಿಗೆ ಹೇಳಲು ಇದ್ದದ್ದು ಅದೊಂದೇ, ಆರೋಗ್ಯಮ್ಮನ ಮಕ್ಕಳ ಅರ್ಧ.

ಇನ್ನೊಂದು ವಿಷಯ ಇಲ್ಲಿ ಹೇಳಬೇಕು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ನಮ್ಮ ಅಪ್ಪ ಹೆಂಡತಿಯ ಹೆಸರನ್ನೂ ಹೇಳುತ್ತಿರಲಿಲ್ಲ. ಹತ್ತಿರ ಇದ್ದರೆ "ಓಯ್", ದೂರ ಇದ್ದರೆ "ಮನೆಯವ್ಳ್". ಅಜ್ಜಿಗೆ ಅವಳು "ಸೊಸೆ". ಆರೋಗ್ಯಮ್ಮನಿಗೆ "ಅಕ್ಕ", ಬೀಪಾತುಮ್ಮನಿಗೆ "ಜಾನುವಿನ ಅವ್ವ", ಜಾನು ಅಂದರೆ ನಾನು. ಅವ್ವನ ಹೆಸರು ನೀಲಮ್ಮ. ಎಸ್ಟೇಟಿನ ರೈಟರು ಬೆಳಿಗ್ಗೆ ಹಾಜರಿ ಕೂಗುವಾಗ ಮಾತ್ರ ಆ ಹೆಸರು ಗಾಳಿಗೆ ಬರುತ್ತಿತ್ತು. ನನ್ನ ನಂತರ ಹುಟ್ಟಿದ ಮಗು ಯಾವುದೂ ಉಳಿದಿರಲಿಲ್ಲ. ಆ ವರ್ಷ ಅವ್ವ ಮತ್ತೆ ಬಸುರಿ, ಆದರೂ ಪಿಕ್ಕಿಂಗಿಗೆ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಕಾಫಿ ಗಿಡದ ನಡುವೆಯೇ ಬಿದ್ದಳು. ಸೀರೆಯೆಲ್ಲ ರಕ್ತ. ರೈಟರು ಜೀಪು ಕೊಟ್ಟರು. ಅಪ್ಪ ಜೊತೆಗೆ ಹೋದ. ಗೋಣಿಕೊಪ್ಪದ ಆಸ್ಪತ್ರೆಯಲ್ಲಿ ಹೆಸರು ಕೇಳಿದಾಗ ಅಪ್ಪ ತಲೆ ತಗ್ಗಿಸಿ ನಿಂತನಂತೆ, ಕೊನೆಗೆ ಜೀಪಿನ ಡ್ರೈವರು ಹೇಳಿದನಂತೆ. ಇದನ್ನು ಡ್ರೈವರು ಲೈನಿನವರ ಎದುರು ನಗಾಡಿಕೊಂಡು ಹೇಳಿದ. ನನಗೆ ನಗು ಬರಲಿಲ್ಲ.

ಹೆಂಗಸರ ವಾರ್ಡಿನಲ್ಲಿ ಗಂಡಸರನ್ನು ಇರಗೊಡುವುದಿಲ್ಲ ಎಂದು ಅಪ್ಪ ಸಂಜೆಗೆ ವಾಪಸು ಬಂದ. ಅಜ್ಜಿಯ ಕಾಲು ಬಾತಿತ್ತು, ಅವಳು ಹೋಗಲಾರಳು. ನಾನು ಹೋಗುತ್ತೇನೆ ಎಂದರೆ, ಗೂಡೆಗಳು, ಅಂದರೆ ಹುಡುಗಿಯರು, ಅಂಥಾ ಜಾಗಕ್ಕೆ ಹೋದರೆ ಹೆದರಿಕೆ ಹಿಡಿಯುತ್ತದೆ ಎಂದರು. ಮಾರನೆಯ ದಿನ ಅಪ್ಪ ಗುಳಿಗನಿಗೆ ಕೋಳಿ ಕೊಡಲು ಹೊರಟ. ನಾನು ಹಿಂಬಾಗಿಲಲ್ಲಿ ಅಡ್ಡ ನಿಂತೆ.

"ನಾನೂ ಬನ್ನೆ ಅಪ್ಪ. ನಾನೇ ಕೇಳ್ನೆ."

"ಆಚೆ ಹೋಗ್ ಗೂಡೆ. ನಿಂಗೆ ಅಲ್ಲಿ ಎಂತ ಕೆಲ್ಸ?"

"ಹಂಗಾರೆ ನೀ ಅವ್ವನ ಹೆಸ್ರ್ ಹೇಳಿ ಕೇಳ್."

ಅಪ್ಪ ನನ್ನನ್ನು ಬದಿಗೆ ಸರಿಸಿ ಹೋದ. ವಾಪಸು ಬಂದು ಕೋಳಿಯನ್ನು ಅಜ್ಜಿಯ ಮುಂದೆ ಹಾಕಿದ. ನಾನು ಬಿಡಲಿಲ್ಲ.

"ಹೆಸ್ರ್ ಹೇಳ್ದೆಯಾ?"

"ಮನೆಯವ್ಳ್ ಅಂತ ಹೇಳ್ದೆ."

"ಲೈನಲ್ಲಿ ಎಲ್ಲರ ಮನೆಲೂ ಮನೆಯವ್ಳ್ ಉಟ್ಟಲ್ಲ. ಯಾವ ಮನೆಯವ್ಳ್ ಅಂತ ಅವಂಗೆ ಹೆಂಗೆ ಗೊತ್ತಾದು?"

"ಕೋಳಿ ಕೊಟ್ಟಾತಲ್ಲ. ಅಷ್ಟೇ ಸಾಕ್. ಹೋಗ್, ಪುಕ್ಕ ಕೀಳ್."

ಪುಕ್ಕ ಕಿತ್ತೆ. ಹಾಜರಿಯಲ್ಲಿ ಹೆಸರು ಕೂಗದಿದ್ದರೆ ಆ ದಿನದ ಕೂಲಿ ಇಲ್ಲ, ಅಷ್ಟು ನನಗೆ ಗೊತ್ತಿತ್ತು. ರೈಟರಿಗೇ ಹೆಸರು ಬೇಕಾದರೆ ದೇವರಿಗೆ ಬೇಡವೇ? ಯಾರಾದರೂ ಒಬ್ಬರು ಯಾವುದಾದರೂ ಒಬ್ಬ ದೇವರಿಗೆ ನೀಲಮ್ಮ ಎಂದು ಹೇಳಬೇಕು, ಇಲ್ಲದಿದ್ದರೆ ಅವ್ವ ವಾಪಸು ಬರುವುದಿಲ್ಲ ಎಂದು ನನ್ನ ತಲೆಗೆ ಹೊಕ್ಕಿತು. ಅಂದು ಮುಸ್ಸಂಜೆ ಆಚೆ ಕಡೆ ಜಪ ಶುರುವಾಯಿತು. ಗುಂಯ್ ಎನ್ನುವ ಅರ್ಧ ಮುಗಿದ ಕೂಡಲೇ ನಾನು ಎದ್ದು ನಿಂತು, ಮಕ್ಕಳಿಗಿಂತ ಗಟ್ಟಿಯಾಗಿ, ನನಗೆ ಬರುತ್ತಿದ್ದ ಅರ್ಧ ಹೇಳಿದೆ. ಎರಡನೇ ಸಲ ಅದರ ನಡುವೆ ನೀಲಮ್ಮ ಎಂದು ಸೇರಿಸಿದೆ. ಮೂರನೇ ಸಲ ಆಚೆ ಕಡೆ ಎಲ್ಲ ನಿಂತುಹೋಯಿತು. ಪೆಟ್ಟಿಗೆ ಎಳೆದ ಸದ್ದು. ಗೋಡೆಯ ಮೇಲೆ ಆರೋಗ್ಯಮ್ಮನ ತಲೆ.

"ಯಾರಮ್ಮಾ ಅದು? ನನ್ನ ಪಿಳ್ಳೆಗಳು ಇಲ್ಲಿ ಮೂರೇ ಇರೋದು. ನಾಲ್ಕನೇ ಸದ್ದು ಎಲ್ಲಿಂದ ಬಂತು? ಪಾಪಾ, ನೀನಾ? ಅಯ್ಯೋ ಮಾದಾವೇ! ಯಾರು ಕಲಿಸಿದ್ದು ನಿನಗೆ?"

"ನೀವೇ ಆರೋಗ್ಯಕ್ಕ. ದಿನಾ ಕೂಗ್ತೀರಲ್ಲ."

ಅವಳ ಮುಖ ಅರಳಿತು. ಅದೇ ಮೊದಲನೇ ಕೆಡುಕಾಯಿತು.

"ಮಾದಾ ಕರೀತಾ ಇದ್ದಾಳೆ ಪಾಪಾ ನಿನ್ನ! ಭಾನುವಾರ ನಂಜೊತೆ ಚರ್ಚಿಗೆ ಬಾ. ಫಾದರ್ ಹತ್ರ ನಾನು ಹೇಳ್ತೀನಿ."

ಒಲೆಯ ಮುಂದೆ ಕೂತಿದ್ದ ಅಜ್ಜಿ ಬಾತ ಕಾಲಿನಲ್ಲೇ ಎದ್ದಳು.

"ಯಾರ್ ಕರಿಯುದು? ಎಲ್ಲಿಗೆ ಕರಿಯುದು? ಸಾರ್ ಕೊಟ್ಟ್ ಸಾರ್ ಕೊಟ್ಟ್ ಕಡೆಗೆ ನಮ್ಮ ಗೂಡೆನೇ ತಕಂಡ್ ಹೋಗಿಕೆ ನೋಡುದಾ? ಇವ್ಳ್ ಕುತ್ತಿಗೆಗೆ ಶಿಲುಬೆ ಕಟ್ಟಿಕಂಡ್ ಬರ್ದೊಂದೇ ಬಾಕಿ!"

"ಅಜ್ಜೀ, ನಾನೇನು ಕದ್ದೆನಾ? ನಿಮ್ಮ ಪಾಪಾನೇ ನಮ್ಮ ಜಪ ಕದ್ದಿರೋದು. ಅದೂ ಅರ್ಧ! ನಡುವೆ ಏನೋ ಒಂದು ಬೇರೆ ಸೇರಿಸಿದಳು. ಜಪಕ್ಕೆ ಉಪ್ಪು ಖಾರ ಹಾಕೋ ಹಾಗಿಲ್ಲ. ನಮ್ಮ ಜ್ಞಾನಸ್ನಾನದ ನೀರು ಮುಟ್ಟದವರು ಅದನ್ನ ಹಾಗೆ ಕೂಗೋದೂ ಸರಿಯಲ್ಲ."

ಬಾ ಎಂದವಳು ಒಂದು ಉಸಿರಿನೊಳಗೆ ಬೇಡ ಎಂದಳು. ಜಗಲಿಯಲ್ಲಿ ಬೀಡಿ ಸೇದುತ್ತಿದ್ದ ಅಪ್ಪ ಒಳಗೆ ಬಂದ. ಏನು ಎತ್ತ ಎಂದು ಅರ್ಧ ಕೇಳಿಸಿಕೊಂಡು, ನಾಳೆಯೇ ರೈಟರಿಗೆ ಹೇಳಿ ಈ ಗೋಡೆಯನ್ನು ಮಾಡಿಗೆ ಮುಟ್ಟಿಸುತ್ತೇನೆ ಎಂದು ಕೂಗಾಡಿದ. ಅಷ್ಟು ಹೊತ್ತಿಗೆ ಬಲಗಡೆ ಗೋಡೆಯ ಮೇಲೆ ತಟ್ಟಂ ಬಟ್ಟೆ ಹೊದ್ದ ಬೀಪಾತುಮ್ಮನ ತಲೆ ಮೂಡಿತು.

"ಮೇಸ್ತ್ರೀ, ಹಾಗಾದ್ರೆ ನನ್ನ ಕಡೆ ಗೋಡೆನೂ ಎಬ್ಬಿಸಿ. ನಿಮ್ಮ ಹಂದಿ ಹೊಗೆಯಾದ್ರೂ ನಿಲ್ಲುತ್ತೆ."

"ನಿಮ್ಮ ಒಣಮೀನ್ ನಾತಕ್ಕೆ ನಾವ್ ಎಂತಾರ್ ಹೇಳಿದ್ದುಟ್ಟಾ?" ಅಜ್ಜಿ ಆ ಕಡೆ ತಿರುಗಿದಳು.

"ಇಲ್ಲ ಅಜ್ಜಿ, ತಮಾಷೆಗೆ ಹೇಳಿದ್ದು. ಆದ್ರೆ ಒಂದು ಮಾತು ನಿಜವಾಗಿ ಕೇಳ್ತೇನೆ ಮೇಸ್ತ್ರೀ. ಕಲ್ಲಿಗೆ ಕಳ್ಳು ಹೊಯ್ದರೆ ಅದಕ್ಕೆ ಹೇಗೆ ಗೊತ್ತಾಗುತ್ತೆ?"

"ನೀವ್ ನೆಲಕ್ಕೆ ಹಣೆ ಮುಟ್ಟಿಸುದು. ಅಲ್ಲಿ ಯಾರೂ ಇಲ್ಲೆ. ನಮ್ಮಲ್ಲಿ ಕಲ್ಲಾದ್ರೂ ಉಟ್ಟಲ್ಲ!" ಅಪ್ಪ ತಿರುಗಿಸಿ ಕೊಟ್ಟ.

"ನಮ್ಮಲ್ಲಿ ತಾಯಿ ಇದ್ದಾಳೆ," ಆರೋಗ್ಯಮ್ಮ ಎಡಗಡೆಯಿಂದ ಕೂಗಿದಳು. "ಹೆಂಗಸಿನ ಕಷ್ಟ ಹೆಂಗಸಿಗೇ ಗೊತ್ತು."

"ನಮ್ಮ ಕಾವೇರಮ್ಮ ಹೆಂಗ್ಸಲ್ಲದೆ ಗಂಡ್ಸಾ?" ಅಜ್ಜಿ ಕೇಳಿದಳು.

ಹೀಗೆ ನಡೆಯಿತು. ಈಚೆಗೆ ಮೊಮ್ಮಗಳು ನನ್ನನ್ನು ಪೇಟೆಗೆ, ಎಲ್ಲ ಧರ್ಮದವರ ಸಭೆ ಎಂದು ಕರೆದುಕೊಂಡು ಹೋಗಿದ್ದಳು. ಒಬ್ಬ ಸ್ವಾಮಿ, ಒಬ್ಬ ಫಾದರ್, ಒಬ್ಬ ಉಸ್ತಾದ್, ಮೂವರೂ ಒಂದೇ ಸೋಫಾದಲ್ಲಿ ಕೂತಿದ್ದರು. ನದಿ ಬೇರೆ ಬೇರೆ, ಸಮುದ್ರ ಒಂದೇ ಎಂದರು. ಒಬ್ಬನಾದರೂ ಪಕ್ಕದವನನ್ನು ನಿನ್ನ ದೇವರಿಗೆ ಹೇಗೆ ಕೇಳಿಸುತ್ತದೆ ಎಂದು ಕೇಳಲಿಲ್ಲ. ಶಾಲು ಹೊದಿಸಿಕೊಂಡು, ಉಪ್ಪಿಟ್ಟು ತಿಂದು ಎದ್ದು ಹೋದರು. ನಮ್ಮ ಲೈನಿನವರು ಅಷ್ಟಾದರೂ ಕೇಳಿದರು ಎಂದು ನನಗೆ ಅಲ್ಲಿ ಕೂತಲ್ಲಿ ಅನ್ನಿಸಿತು. ಹಾಗೆಂದು ಅವರನ್ನು ಹೊಗಳುವುದಿಲ್ಲ. ಕೇಳಿದರು, ಉತ್ತರಕ್ಕೆ ಯಾರೂ ಕಾಯಲಿಲ್ಲ. ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರಿಸಿದ್ದು ಇದು: ಅಷ್ಟು ದೇವರು, ಅಷ್ಟು ಕಳ್ಳು, ಅಷ್ಟು ಹಂದಿ, ಅಷ್ಟು ಮೀನು ಆ ಗೋಡೆಗಳ ಮೇಲೆ ಹೋಗಿ ಬಂದಿತು, ಆಸ್ಪತ್ರೆಯಲ್ಲಿ ಒಬ್ಬಳೇ ಬಿದ್ದಿರುವವಳ ಮಾತು ಒಂದು ಸಲವೂ ಬರಲಿಲ್ಲ. ನಾನು ಕಿರುಚಿದೆ.

"ಅವ್ವನ ಹೆಸ್ರ್ ಹೇಳಿ! ಯಾರಾರ್ ಒಬ್ರ್ ಹೇಳಿ!"

ಅಜ್ಜಿ ಸೌಟಿನಿಂದ ಬೆನ್ನಿಗೆ ಒಂದು ಹಾಕಿದಳು. ಎರಡೂ ಗೋಡೆಯ ತಲೆಗಳು ಇಳಿದುಹೋದವು. ಅಪ್ಪ ಬೀಡಿ ಹುಡುಕಿಕೊಂಡು ಹೊರಗೆ ಹೋದ.

ಸ್ವಲ್ಪ ಹೊತ್ತಿಗೆ ಬೀಪಾತುಮ್ಮ ಕಿಂಡಿಗೆ ನೀರು ತುಂಬಲು ಒಗೆಯುವ ಕಲ್ಲಿನ ಹತ್ತಿರ ಬಂದಳು. ನಾನು ಅಲ್ಲಿ ಕೂತಿದ್ದೆ. ಅವಳು ಮೋಳೇ, ಅಂದರೆ ಮಗಳೇ, ಎನ್ನುತ್ತ ನನ್ನ ಬೆನ್ನು ಉಜ್ಜಿದಳು, ಪಡಚೋನೇ, ದೇವರೇ, ಮುದುಕಿ ಕೈಗೆ ಇನ್ನೂ ಏನು ಶಕ್ತಿ ಎಂದಳು. ಇವಳಾದರೂ ಕೊಟ್ಟಾಳು ಎಂದು ಕೇಳಿದೆ.

"ನಿಮ್ಮದ್ರಲ್ಲಿ ಏನು ಹೇಳ್ತೀರಿ ಬೀಪಾತುಮ್ಮ? ನಂಗೆ ಕಲಿಸಿ."

"ನಮ್ಮದು ಅರಬಿ ಮೋಳೇ. ನನಗೇ ಅರ್ಥ ಗೊತ್ತಿಲ್ಲ. ಉಮ್ಮ ಹೇಳಿಕೊಟ್ಟಿದ್ದು, ಹೇಳ್ತೇನೆ."

"ಮತ್ತೆ ಏನಾದ್ರೂ ಬೇಕು ಅಂದ್ರೆ ಹೇಗೆ ಕೇಳುದು?"

"ಅದೆಲ್ಲ ಆದ ಮೇಲೆ ಕೈ ಎತ್ತಿ ದುವಾದಲ್ಲಿ ಕೇಳೋದುಂಟು. ಅದು ಮಲಯಾಳದಲ್ಲೇ. ಮೀನಿನವನ ಸೈಕಲ್ ಪಂಚರ್ ಆಗದ ಹಾಗೆ ನೋಡು, ಹೀಗೆಲ್ಲ."

"ಹೆಸರು ಹೇಳ್ತೀರಾ?"

"ಹೇಳದೆ?"

ನಾನು ಅವಳ ಕೈ ಹಿಡಿದೆ. "ಹಾಗಾದ್ರೆ ನಮ್ಮ ಅವ್ವನ ಹೆಸರೂ ಹೇಳಿ. ಈಗ್ಲೇ ಹೇಳಿ."

ಬೀಪಾತುಮ್ಮ ಕಿಂಡಿಯನ್ನು ಕೆಳಗಿಟ್ಟಳು. ಅವಳು ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಿಮ್ಮವರ ಹೆಸರು ನಮ್ಮ ದುವಾದಲ್ಲಿ ಹೇಳಬಹುದೋ ಇಲ್ಲವೋ ನನಗೆ ಗೊತ್ತಿಲ್ಲ ಮೋಳೇ. ತಪ್ಪಾದ್ರೆ ನಿನ್ನ ಅವ್ವನಿಗೇ ತೊಂದರೆ ಆದ್ರೆ? ಉಸ್ತಾದ್‌ನ ಕೇಳಿ ಹೇಳ್ತೇನೆ."

"ಯಾವಾಗ?"

"ಶುಕ್ರವಾರ ನನ್ನ ಗಂಡ ನಮಾಜಿಗೆ ಪಳ್ಳಿಗೆ ಹೋಗ್ತಾನಲ್ಲ."

ಅವತ್ತು ಮಂಗಳವಾರ. ನಾನು ಎದ್ದು ಬಂದೆ. ಒಬ್ಬ ದೇವರಿಗೆ ನಾನು ಹೆಣ್ಣಾದ್ದರಿಂದ ಹೇಳುವ ಹಾಗಿಲ್ಲ, ಇನ್ನೊಬ್ಬರಿಗೆ ಹೇಳಲು ನೀರು ಮುಟ್ಟಿಸಿಕೊಳ್ಳಬೇಕು, ಮತ್ತೊಬ್ಬನಿಗೆ ಹೇಳಲು ಶುಕ್ರವಾರದವರೆಗೆ ಕಾಯಬೇಕು. ನನಗೆ ದೇವರ ಮೇಲೆ ಸಿಟ್ಟು ಬರಲಿಲ್ಲ. ಅವನ ಬಾಗಿಲಲ್ಲಿ ಕೂತು ಹೋಗುವವರನ್ನು ತಡೆಯುವ ನಮ್ಮವರ ಮೇಲೆ ಬಂತು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ನನ್ನ ಭಕ್ತಿ ಎಂದು ಏನಾದರೂ ಇದ್ದರೆ ಅದು ಆ ಸಿಟ್ಟಿನಿಂದಲೇ ಹುಟ್ಟಿದ್ದು. ಅವತ್ತಿನಿಂದ ನಾನು ಯಾರನ್ನೂ ಕೇಳಿ ಕೈ ಮುಗಿದವಳಲ್ಲ. ಯಾವ ಗುಡಿ ಮುಂದೆ ಹೋದರೂ, ಎಮ್ಮೆ ಹಾಲು ಕರೆಯುತ್ತ ಕೂತರೂ, ನನಗೆ ಬೇಕಾದದ್ದನ್ನು ನನ್ನ ಮಾತಿನಲ್ಲಿ, ಯಾರಿಗೆ ಬೇಕೋ ಅವರ ಹೆಸರು ಹಿಡಿದು ಹೇಳುತ್ತೇನೆ. ಕೇಳಿಸುತ್ತದೋ ಇಲ್ಲವೋ ಅವನಿಗೆ ಬಿಟ್ಟದ್ದು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಮಗು ಉಳಿಯಲಿಲ್ಲ, ಅವ್ವ ಉಳಿದಳು. ಅವಳು ಮನೆಗೆ ಬಂದ ದಿನ ಗುಳಿಗ ಉಳಿಸಿದ ಎಂದು ಅಪ್ಪ ಇನ್ನೊಂದು ಕೋಳಿ ಕೊಟ್ಟ, ಮಾದಾ ಉಳಿಸಿದಳು ಎಂದು ಆರೋಗ್ಯಮ್ಮ ಮೋಂಬತ್ತಿ ಹಚ್ಚಿದಳು, ಹೆಸರು ಹೇಳಬಹುದು ಎಂದು ಉಸ್ತಾದ್ ಅಂದರಂತೆ ಎಂದು ಬೀಪಾತುಮ್ಮ ಗೋಡೆಯ ಮೇಲಿಂದ ಅಕ್ಕಿರೊಟ್ಟಿಯಂಥ ಪತ್ತಿರಿ ಕೊಟ್ಟಳು. ಯಾರು ಉಳಿಸಿದ್ದು ಎಂಬ ಮಾತಿಗೆ ಮತ್ತೆ ಒಂದು ಸುತ್ತು ಜಗಳ. ಚಾಪೆಯ ಮೇಲೆ ಮಲಗಿದ್ದ ಅವ್ವ, "ನನ್ನ ಕೇಳಿರೆ, ರಾತ್ರಿಯಿಡೀ ನರ್ಸಮ್ಮ ಕೂತಿದ್ದದ್ದ್" ಎಂದಳು. ಅವಳನ್ನು ಯಾರೂ ಕೇಳಿರಲಿಲ್ಲ. ಎಡಗಡೆ ಗೋಡೆಯ ಮೇಲಿನ ಸಂದನ್ನು ಅಪ್ಪ ಹಲಗೆ, ಗೋಣಿಚೀಲ ಹೊಡೆದು ಮುಚ್ಚಿಸಿದ. ಆಮೇಲೆ ನಮಗೆ ಆರೋಗ್ಯಮ್ಮನ ಮಕ್ಕಳ ಸದ್ದು ಕೇಳಲಿಲ್ಲ, ಅವರಿಗೆ ನಮ್ಮ ಕಡುಬು ಸಿಗಲಿಲ್ಲ.

ಆದರೆ ಆ ಮಂಗಳವಾರ ಸಂಜೆ ಇದು ಯಾವುದೂ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಒಂದೇ, ಅವ್ವನ ಪಕ್ಕದಲ್ಲಿ ಯಾರೂ ಇಲ್ಲ.

ಮರುದಿನ ಬೆಳಿಗ್ಗೆ ಹಾಜರಿ ಗಂಟೆ ಹೊಡೆದು ಅಪ್ಪ ಹೋದ ಮೇಲೆ, ಅಜ್ಜಿಯ ಎಲೆಅಡಿಕೆ ಚೀಲದಿಂದ ಚಿಲ್ಲರೆ ತೆಗೆದುಕೊಂಡು, ಹಿಡಿ ಇರುವ ತೂಕುಪಾತ್ರೆಗೆ ಗಂಜಿ ಹೊಯ್ದುಕೊಂಡು, ತೋಟದ ಒಳದಾರಿಯಲ್ಲಿ ರಸ್ತೆಗೆ ಬಂದು ಬಸ್ಸು ಹತ್ತಿದೆ. ಅಜ್ಜಿ ಕೂಗುವುದು ಕೇಳಿಸಿತು, ತಿರುಗಿ ನೋಡಲಿಲ್ಲ. ಗೋಣಿಕೊಪ್ಪದಲ್ಲಿ ಇಳಿದು ದಾರಿ ಕೇಳಿಕೊಂಡು ಆಸ್ಪತ್ರೆಗೆ ಹೋದೆ. ಹೆಂಗಸರ ವಾರ್ಡಿನ ಬಾಗಿಲಲ್ಲಿ ಬಿಳಿ ಸೀರೆಯ ನರ್ಸಮ್ಮ ಕೈ ಅಡ್ಡ ಹಿಡಿದರು.

"ಎಲ್ಲಿಗೆ? ಯಾರು ಬೇಕು ನಿನಗೆ?"

"ನೀಲಮ್ಮ," ಎಂದೆ. ವಾರ್ಡಿನ ಆ ತುದಿಯವರೆಗೆ ಕೇಳುವ ಹಾಗೆ ಹೇಳಿದೆ.

"ಮೆಲ್ಲಗೆ ಹೇಳು. ನೀಲಮ್ಮ ಅಂತ ಇಲ್ಲಿ ಇಬ್ಬರು ಇದ್ದಾರೆ. ಯಾವ ನೀಲಮ್ಮ?"

ಇಬ್ಬರನ್ನೂ ತೋರಿಸಿ ಎಂದೆ.